ಚೂಪು ಮೂತಿಯ ತೋಟಾ

ತೋಟಾ ಕಟ್ಟುವಾಗ ಮಾತಾಡಬಾರದು ಅಂತ ಅಜ್ಜ ಹೇಳಿಕೊಟ್ಟಿದ್ದ. ಹಾಡಬಾರದು ಅಂತೇನೂ ಹೇಳಿರಲಿಲ್ಲ. ಅದಕ್ಕೇ ಸೈಮಾ ನೆಲಮಾಳಿಗೆಯ ಬೆಂಚಿನ ಮುಂದೆ ಕೂತು, ಹಿತ್ತಾಳೆಯ ಖಾಲಿ ಕೇಸುಗಳಿಗೆ ಮದ್ದು ಸುರಿಯುತ್ತಾ, ಬಾಯೊಳಗೇ ಏನಾದರೂ ಗುನುಗಿಕೊಳ್ಳುವಳು. ಹಾಡು ಎತ್ತಲೋ, ಮನಸ್ಸು ಇನ್ನೆತ್ತಲೋ. ಕೈ ಮಾತ್ರ ತಪ್ಪುತ್ತಿರಲಿಲ್ಲ.

ಆ ಮನೆಯಲ್ಲಿ ಅಂಗಡಿಯ ತೋಟಾ ತರುವ ಪದ್ಧತಿ ಇರಲಿಲ್ಲ. ಮನೆಗೊಬ್ಬರು ಕಟ್ಟುವವರು, ಮಿಕ್ಕವರು ಹೊಡೆಯುವವರು. ಸುಪೀರಿಯರ್ ಸರೋವರದ ದಕ್ಷಿಣ ದಂಡೆಯ ಆ ಕಾಡುಹಳ್ಳಿಗೆ ಫಿನ್ಲೆಂಡಿನಿಂದ ಬಂದ ಮುತ್ತಜ್ಜನ ಕಾಲದಿಂದ ಹಾಗೇ ನಡೆದಿತ್ತು. ಅಜ್ಜ ತೀರಿಕೊಂಡ ಮೇಲೆ ಬೆಂಚು ಸೈಮಾಳ ಪಾಲಿಗೆ ಬಂತು. ಅಣ್ಣ ಟೌನೊನ ಕೈ ಒರಟು. ಸೋದರಮಾವ ಅರ್ವಿಡ್‌ಗೆ ಹತ್ತಿರದ್ದು ಕಾಣುತ್ತಿರಲಿಲ್ಲ, ದೂರದ್ದು ಕಾಣುತ್ತದೆ ಅಂತ ಅವನೊಬ್ಬನೇ ಹೇಳಿಕೊಳ್ಳುತ್ತಿದ್ದ. ಬೆಂಚಿನ ಜೊತೆಗೆ ಒಂದು ಕಟ್ಟಳೆಯೂ ಬಂದಿತ್ತು. ಈಡು ತಗುಲಿಯೂ ಮಿಕ ಬೀಳದೆ ಓಡಿದರೆ, ಹೊಡೆದವನ ಜೊತೆಗೆ ತೋಟಾ ಕಟ್ಟಿದವರೂ ಬೆನ್ನು ಹತ್ತಬೇಕು. ಅಜ್ಜನಿಗೆ ಆ ಕೆಲಸ ಬಿದ್ದದ್ದನ್ನು ಯಾರೂ ನೋಡಿರಲಿಲ್ಲ. ಅವನು ಕಟ್ಟುತ್ತಿದ್ದುದು ಮೊಂಡು ಮೂತಿಯ ಗುಂಡು. ತುದಿಯಲ್ಲಿ ಬೂದು ಸೀಸ ಇಣುಕುತ್ತಿತ್ತು. ಮೈಗೆ ಹೊಕ್ಕ ಕೂಡಲೆ ಅಣಬೆಯ ಹಾಗೆ ಅರಳಿ ಅಲ್ಲೇ ನಿಂತುಬಿಡುವುದು.

ಸೈಮಾ ಬೇರೆ ಗುಂಡಿಗೆ ಮನಸೋತಳು. ಬೇಸಿಗೆಯಲ್ಲಿ ಮರಳುಗುಂಡಿಯ ಹತ್ತಿರ ಗುರಿ ನೋಡುತ್ತಿದ್ದಾಗ ಗುರಿ ಹೊಡೆಯುವ ಪಂದ್ಯದವರು ಬಳಸುವ ಗುಂಡಿನ ಒಂದು ಡಬ್ಬ ಅವಳ ಕೈಗೆ ಸಿಕ್ಕಿತು. ಉದ್ದನೆಯ ತಾಮ್ರದ ಗುಂಡು, ತುದಿ ಮುಳ್ಳಿನಷ್ಟು ಚೂಪು. ಅಜ್ಜನ ಗುಂಡುಗಳು ಗುರಿಗೆ ಕಟ್ಟಿದ ಕಾಗದದ ಮೇಲೆ ತಟ್ಟೆಯಗಲ ಚೆದುರುತ್ತಿದ್ದವು. ಇವು ಒಂದು ಹೋದ ದಾರಿಯಲ್ಲೇ ಇನ್ನೊಂದು, ಅದರ ಹಿಂದೆ ಮತ್ತೊಂದು. ಕಾಗದ ಬಿಚ್ಚಿ ತಂದು ಬೆಳಕಿಗೆ ಹಿಡಿದರೆ ಒಂದೇ ಒಂದು ತೂತು, ಅದರಲ್ಲಿ ಒಂದು ಚೂರು ಆಕಾಶ. ಆ ತೂತನ್ನು ಅವಳು ಬಹಳ ಹೊತ್ತು ನೋಡಿದಳು. ಈ ವರ್ಷ ಟೌನೊನ ರೈಫಲ್ಲಿಗೆ ಇದೇ ಅಂತ ಅಲ್ಲೇ ತೀರ್ಮಾನವಾಯಿತು.

ಬೇಟೆ ಶುರುವಾಗುವ ಹಿಂದಿನ ಸಂಜೆ ಎಲ್ಲರೂ ಕಾಡಿನ ಕ್ಯಾಂಪಿಗೆ ಬಂದು ಸೇರಿದರು. ಮರದ ಒಂದೇ ಕೋಣೆ, ಪಕ್ಕದಲ್ಲಿ ಹಬೆಸ್ನಾನದ ಸೌನಾ. ಹಿಲ್ಜಾ ಅಜ್ಜಿ ಒಲೆಯಿಂದ ಮಾಂಸ, ಆಲೂಗಡ್ಡೆ ತುಂಬಿ ಸುಟ್ಟ ಬಿಸಿ ಪಾಸ್ತಿ ತೆಗೆದು ಒಬ್ಬೊಬ್ಬರ ತಟ್ಟೆಗೆ ಇಡುತ್ತಿದ್ದಳು. ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು ಅಲ್ಲಿಯ ರೂಢಿ. ಗೋಡೆಯ ಮುಕ್ಕಾಲು ಪಾಲು ಅರ್ವಿಡ್ ಮಾವನ ಅಂಗಿಗಳೇ.

"ಕತ್ತರಿ ಸಾಣೆ ಹಿಡಿಸಿದ್ದೀನಿ ಕಣೋ ಟೌನೊ. ನಿನ್ನ ಕೆಂಪು ಅಂಗಿ ಮೇಲೆ ನಂಗೆ ಕಣ್ಣಿದೆ," ಅಂದ ಮಾವ.

"ಮಾವ, ನೀವು ಹೊಡೆದ್ರೆ ಗುಂಡು ಎಲ್ಲಿಗೆ ಹೋಯ್ತು ಅಂತ ಪೋಸ್ಟ್‌ಮ್ಯಾನನ್ನ ಕೇಳ್ಬೇಕು. ಸೈಮಾ ಕಟ್ಟಿರೋದು ಹೇಳಿದಲ್ಲಿಗೇ ಹೋಗುತ್ತೆ."

ಮೇಜಿನ ಮೇಲಿದ್ದ ತೋಟಾ ಒಂದನ್ನು ಅಜ್ಜಿ ಎತ್ತಿಕೊಂಡಳು. ಹೆಬ್ಬೆರಳಿನಿಂದ ತುದಿ ಮುಟ್ಟಿದಳು. ಕೈ ಹಿಂದಕ್ಕೆಳೆದುಕೊಂಡಳು.

"ಇದೇನೇ ಇದು, ಹೊಲಿಗೆ ಸೂಜಿ?"

"ಗುಂಡು ಅಜ್ಜಿ. ಹೊಸ ಥರದ್ದು. ಎಷ್ಟು ನೇರ ಹೋಗುತ್ತೆ ಗೊತ್ತಾ?"

"ಹೋಗೋದು ಸರಿ. ನಿಲ್ಲೋದೆಲ್ಲಿ?"

"ಅಮ್ಮಾ, ನಿನ್ನ ಮೊಮ್ಮಗಳು ಕಾಗದದ ಬೇಟೆ ಆಡ್ತಾಳೆ," ಅಂತ ಅರ್ವಿಡ್ ಮಾವ ನಕ್ಕ. "ಈ ಚಳಿಗಾಲ ಪೂರ್ತಿ ನಮಗೆ ಕಾಗದದ ಸಾರೇ."

ಅಜ್ಜಿ ನಗಲಿಲ್ಲ. ತೋಟಾವನ್ನು ಮೂತಿ ಗೋಡೆಯ ಕಡೆ ಮಾಡಿ ಇಟ್ಟಳು. "ನಮ್ಮಮ್ಮ ಹೇಳ್ತಿದ್ಳು," ಅಂತ ಶುರುಮಾಡಿದಳು. ಅಜ್ಜಿ ಹೀಗೆ ಶುರುಮಾಡಿದರೆ ಸೈಮಾಳ ಕೈಯ ತುತ್ತು ಕೈಯಲ್ಲೇ ಉಳಿಯುತ್ತಿತ್ತು. "ಅವಳ ಊರಲ್ಲಿ ಒಬ್ಬ ಬಿಲ್ಲುಗಾರ ಇದ್ನಂತೆ. ಬಾಣದ ತುದಿ ಚೂಪು ಮಾಡೋ ಹುಚ್ಚು. ಮಾಡೀ ಮಾಡೀ ಕೂದಲಿನಷ್ಟು ಸಣ್ಣ ಮಾಡ್ದ. ಜಿಂಕೆಗೆ ಬಿಟ್ಟ. ಬಾಣ ಈ ಕಡೆಯಿಂದ ಆ ಕಡೆಗೆ ಹೋಯ್ತು, ಜಿಂಕೆ ಬೀಳ್ಲಿಲ್ಲ. ಯಾಕೆ? ಜೀವ ಆಚೆ ಹೋಗೋಕೆ ಬಾಗಿಲು ಸಾಲ್ಲಿಲ್ಲ. ಅರ್ಧ ಒಳಗೆ ಸಿಕ್ಕಿಕೊಳ್ತು, ಅರ್ಧ ಆಚೆ ಬಂತು. ಆಚೆ ಬಂದ ಅರ್ಧಕ್ಕೆ ಚಳಿ ಅಲ್ವಾ? ಬಾಗಿಲು ಮಾಡ್ದವನನ್ನ ಹುಡುಕ್ಕೊಂಡು ಬಂದು ಅವನೊಳಗೆ ಕೂತ್ಕೊಳ್ತು. ಅವತ್ತು ಅಷ್ಟು ಹಿಮ ಬಿದ್ದಿದ್ರೂ ಅವನ ಬಾಯಿಂದ ಹಬೆ ಬರ್ಲಿಲ್ಲವಂತೆ. ಅವನ ಉಸಿರು ಆ ಜಿಂಕೆ ಹತ್ರ ಇತ್ತು."

"ಆಮೇಲೆ?"

"ಕತ್ತಲಾಗೋದ್ರೊಳಗೆ ಜಿಂಕೇನ ಮುಗಿಸ್ಬೇಕಿತ್ತು. ಮುಗಿಸ್ಲಿಲ್ಲ. ಬೆಳಗ್ಗೆ ಹೋಗಿ ನೋಡಿದ್ರೆ ಎರಡೂ ಒಂದೇ ಕಡೆ ಮಲಗಿದ್ವು." ಅಜ್ಜಿ ಕಾಫಿಗೆ ಅದ್ದಲು ಏಲಕ್ಕಿ ರೊಟ್ಟಿ ಮುರಿದಳು. "ತಿನ್ನು. ಆರಿ ಹೋಗುತ್ತೆ."

ಮರುದಿನ ಮಧ್ಯಾಹ್ನ ಕಳೆದು ಬಿಸಿಲು ಮರಗಳ ಸೊಂಟಕ್ಕೆ ಇಳಿದಿತ್ತು. ಸೀಡರ್ ಮರಗಳ ಜೌಗಿನ ಅಂಚಿನಲ್ಲಿ, ಮರಕ್ಕೆ ಕಟ್ಟಿದ ಏಣಿಪೀಠದ ಮೇಲೆ ಟೌನೊ ಕೂತಿದ್ದ. ತುಸು ಹಿಂದೆ, ಬಿದ್ದ ಮರದ ಮರೆಯಲ್ಲಿ ಕಿತ್ತಳೆ ಕೋಟು ತೊಟ್ಟು ಸೈಮಾ. ಕಾಯುವುದು ಅವಳಿಗೆ ಇಷ್ಟದ ಕೆಲಸ. ಹಿಮದ ಮೇಲಿನ ನೀಲಿ ನೆರಳುಗಳಿಗೆ ಹೆಸರಿಡುತ್ತಾ ಕೂತಿದ್ದಾಗ, ಒಂದು ನೆರಳು ಎದ್ದು ನಿಂತಿತು. ಕೊಂಬಿನ ಗಂಡು ಜಿಂಕೆ. ಅದು ಬಂದದ್ದು ಕಾಣಲಿಲ್ಲ, ಇದ್ದದ್ದಷ್ಟೇ ಕಂಡಿತು.

ಈಡು ಮೊಳಗಿತು.

ಜಿಂಕೆ ನೆಗೆಯಲಿಲ್ಲ, ಮುಗ್ಗರಿಸಲಿಲ್ಲ. ಯಾರೋ ಹೆಸರು ಹಿಡಿದು ಕರೆದ ಹಾಗೆ ಕತ್ತು ತಿರುಗಿಸಿ ತನ್ನ ಪಕ್ಕೆಯನ್ನು ನೋಡಿಕೊಂಡಿತು. ಆಮೇಲೆ ಟೌನೊನನ್ನು ದಾಟಿ ಸೀದಾ ಸೈಮಾಳ ಕಡೆ ನೋಡಿತು. ನೋಡಿ, ಅವಸರವಿಲ್ಲದೆ ಸೀಡರ್ ಮರಗಳೊಳಗೆ ನಡೆದು ಹೋಯಿತು.

ಸದ್ದು ಕೇಳಿ ಅರ್ವಿಡ್ ಮಾವ ಊರುಗೋಲು ಹಾಕುತ್ತಾ ಬಂದ. "ಬಿತ್ತಾ? ಇಲ್ವಾ? ಬಿಚ್ಚು ಅಂಗಿ!"

"ತಪ್ಪಿಲ್ಲ ಮಾವ. ಭುಜದ ಹಿಂದಕ್ಕೇ ಇಟ್ಟಿದ್ದೆ," ಅಂದ ಟೌನೊ. ಮುಖ ಬಿಳಿಚಿತ್ತು.

ಜಿಂಕೆ ನಿಂತ ಜಾಗದಲ್ಲಿ ರಕ್ತವಿರಲಿಲ್ಲ, ಉದುರಿದ ರೋಮವಿರಲಿಲ್ಲ. ಅದರ ಹಿಂದಿದ್ದ ಬರ್ಚ್ ಮರದ ಬಿಳಿ ತೊಗಟೆಯಲ್ಲಿ ಮಾತ್ರ ಒಂದು ದುಂಡನೆಯ ತೂತು ಸೈಮಾಳ ಕಣ್ಣಿಗೆ ಬಿತ್ತು. ಮರದ ಆಚೆ ಬದಿಗೆ ಹೋದಳು. ಅಲ್ಲೂ ತೂತು. ಗುಂಡು ಜಿಂಕೆಯನ್ನು ದಾಟಿ, ಮರವನ್ನೂ ದಾಟಿ ಎಲ್ಲೋ ಹೊರಟುಹೋಗಿತ್ತು. ಮರದ ಬುಡದ ಹಿಮದ ಮೇಲೆ, ಹಾಲಿನ ನೊರೆಗೆ ಒಂದು ತೊಟ್ಟು ಬೀಟ್ರೂಟ್ ರಸ ಬಿದ್ದ ಹಾಗೆ, ತಿಳಿಗೆಂಪು ನೊರೆ.

ಅರ್ವಿಡ್ ಮಾವನ ನಗು ನಿಂತಿತು. "ಶ್ವಾಸಕೋಶಕ್ಕೇ ಬಿದ್ದಿದೆ. ಬಿದ್ದೂ ನಡ್ಕೊಂಡು ಹೋಗಿದೆ." ಸೈಮಾಳ ಕಡೆ ನೋಡಿದ, ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅದು ಎಲ್ಲಾದ್ರೂ ಮಲಗ್ಲಿ, ಒಂದು ಲೋಟ ಕಾಫಿ ಕುಡಿಯೋಷ್ಟು ಹೊತ್ತು ಕಾಯಿರಿ. ಆಮೇಲೆ ಹೊರಡಿ. ಈ ಜೌಗಿಗೆ ನನ್ನ ಮಂಡಿ ಬರಲ್ಲ. ಬೆಳಕಿರೋವಾಗಲೇ ಮುಗಿಸಿ."

"ನಿಮ್ಮ ಕೋವಿ ಕೊಡಿ ಮಾವ. ಅದರಲ್ಲಿ ಅಜ್ಜ ಕಟ್ಟಿದ ಮೊಂಡು ಗುಂಡಿದೆಯಲ್ಲ," ಅಂದ ಟೌನೊ.

"ಅದು ಮನೆಯಲ್ಲಿ ಒಲೆ ಪಕ್ಕ ಮಲಗಿದೆ. ಈ ಮಂಡಿ ಹೊತ್ಕೊಂಡು ನಾನು ಬೇಟೆಗೆ ಬಂದಿದ್ನಾ? ಸುಮ್ನೆ ಕೂತ್ಕೊಳ್ಳೋಕೆ ಬಂದಿದ್ದು."

ಕಾದರು. ಫ್ಲಾಸ್ಕಿನ ಕಾಫಿಯಿಂದ ಹಬೆ ಏಳುತ್ತಿತ್ತು. ಮಾವನ ಮೀಸೆಯ ಮೇಲೆ ಉಸಿರು ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಸೈಮಾ ಕಾಫಿ ಊದಿದಳು. ಊದಿದ ಗಾಳಿ ಎಲ್ಲಿಗೆ ಹೋಯಿತು ಅಂತ ಆಗ ಅವಳು ಗಮನಿಸಲಿಲ್ಲ.

ಜೌಗಿನೊಳಗೆ ಸದ್ದೇ ಇರಲಿಲ್ಲ. ಸೀಡರ್ ಮರಗಳು ಒಂದಕ್ಕೊಂದು ತಲೆ ಕೊಟ್ಟು ಆಕಾಶ ಮುಚ್ಚಿದ್ದವು. ಗೊರಸಿನ ಗುರುತು ಹಿಮದಲ್ಲಿ ಸ್ಪಷ್ಟವಾಗಿ ಮೂಡಿತ್ತು. ಗಾಬರಿಯ ಓಟದ್ದಲ್ಲ, ನೀರಿಗೆ ಹೊರಟವರ ನಡಿಗೆ. ಟೌನೊ ಮುಂದೆ, ಸೈಮಾ ಹಿಂದೆ. ಆಗಾಗ, ಜಿಂಕೆಯ ಪಕ್ಕೆ ಉಜ್ಜುವಷ್ಟು ಎತ್ತರದ ಕೊಂಬೆಗಳ ಮೇಲೆ, ಆ ತಿಳಿಗೆಂಪು ನೊರೆಯ ಒಂದು ಚುಕ್ಕೆ.

"ಗುರುತು ಬಲಕ್ಕೆ ಬಾಗ್ತಾ ಇದೆ," ಅಂದ ಟೌನೊ.

"ಮಲಗೋಕೆ ಜಾಗ ನೋಡ್ತಿರಬಹುದು."

ಬಲಕ್ಕೇ ಬಾಗುತ್ತಾ ಬಾಗುತ್ತಾ ಹೋದ ಗುರುತು ಒಂದು ಕಡೆ ಬೇರೆ ಹೆಜ್ಜೆಗಳ ಸಾಲನ್ನು ಸೇರಿತು. ಬೂಟಿನ ಹೆಜ್ಜೆಗಳು, ಒಂದು ದೊಡ್ಡದು, ಒಂದು ಸಣ್ಣದು. ಟೌನೊ ಬಗ್ಗಿ ನೋಡಿ, ತನ್ನ ಬೂಟನ್ನು ಅದರ ಪಕ್ಕ ಇಟ್ಟ.

"ನಮ್ಮದೇ."

ಸುತ್ತು ಹೊಡೆದು ತಮ್ಮ ದಾರಿಗೇ ಬಂದಿದ್ದರು. ಏಟು ತಿಂದ ಜಿಂಕೆ ಸುತ್ತು ಹಾಕುವುದು ಹೊಸದಲ್ಲ. ಆದರೆ ಗೊರಸಿನ ಗುರುತು ಬೂಟಿನ ಗುರುತಿನ ಕೆಳಗಿರಲಿಲ್ಲ, ಮೇಲಿತ್ತು. ಸೈಮಾಳ ಒಂದೊಂದು ಹೆಜ್ಜೆಗುರುತಿನ ಒಳಗೂ ಒಂದೊಂದು ಗೊರಸು, ಅಳೆದು ಇಟ್ಟ ಹಾಗೆ. ಟೌನೊನ ಹೆಜ್ಜೆಗಳನ್ನು ಅದು ಮುಟ್ಟಿರಲಿಲ್ಲ.

"ನಾವು ಅದರ ಹಿಂದೆ ಇಲ್ಲ ಕಣೆ," ಅಂದ ಟೌನೊ ಮೆಲ್ಲಗೆ. "ಅದು ನಮ್ಮ ಹಿಂದಿದೆ."

ಅವನು ಹಾಗಂದಾಗ ಬಾಯಿಂದ ದಟ್ಟ ಬಿಳಿ ಹಬೆ ಬಂತು. ಅವಳು ಉತ್ತರ ಕೊಡಲು ಬಾಯಿ ತೆರೆದಳು. ಮಾತು ಬಂತು, ಹಬೆ ಬರಲಿಲ್ಲ. ಕೈಗವಸು ಕಳಚಿ ಅಂಗೈಗೆ ಉಸಿರು ಬಿಟ್ಟಳು. ನೆಲಮಾಳಿಗೆಯ ಬಾಗಿಲು ತೆಗೆದಾಗ ಬರುವಂಥ ತಣ್ಣನೆ ಗಾಳಿ.

"ಟೌನೊ, ನನ್ನ ಉಸಿರು ನೋಡು."

ನೋಡಿದ. ಅವಳು ಮತ್ತೆ ಮತ್ತೆ ಊದಿ ತೋರಿಸಿದಳು. ಕನ್ನಡಿಯ ಮುಂದೆ ಸುಮ್ಮನೆ ಬಾಯಾಡಿಸಿದ ಹಾಗಿತ್ತು. ಟೌನೊ ನಗಲು ಹೋದ. "ಅಜ್ಜಿ ಕಥೆ ಕೇಳೀ ಕೇಳೀ ನಿಂಗೆ... ಗಾಳಿ ಒಣಗಿದೆ, ಅಷ್ಟೇ." ಅವನ ಒಣ ಗಾಳಿ ಅವನ ಮುಖದ ಮುಂದೆ ಮೋಡ ಕಟ್ಟಿ ನಿಂತಿತ್ತು.

ಇನ್ನು ಸಮಯವಿರಲಿಲ್ಲ. ಮರಗಳ ನಡುವಿನ ಬೆಳಕು ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಇಬ್ಬರೂ ಬೇರೆ ಬೇರೆಯಾಗಿ, ಜೌಗಿನ ನಡುವಿನ ಒಂದು ಬಯಲನ್ನು ಎರಡು ಬದಿಯಿಂದ ಬಳಸಿ ಬರುವುದು ಅಂತ ಮಾತಾಯಿತು. ಸೈಮಾ ಎಡಕ್ಕೆ ಹೋದಳು. ಬಲಪಕ್ಕೆಯಲ್ಲಿ ಒಂದು ಸಣ್ಣ ಜಾಗ ತಣ್ಣಗಾಗಿತ್ತು. ನೋವಲ್ಲ. ಕೋಟಿನ ಒಂದು ಗುಂಡಿ ಬಿಚ್ಚಿಹೋಗಿದೆಯೇನೋ ಅನ್ನುವಂಥ ಚಳಿ. ಮುಟ್ಟಿ ನೋಡಿದಳು. ಗುಂಡಿಗಳೆಲ್ಲ ಹಾಕಿಕೊಂಡೇ ಇದ್ದವು.

ಬಯಲಿನ ನಡುವೆ ಅದು ನಿಂತಿತ್ತು.

ಮೊದಲು ಅವಳು ನೋಡಿದ್ದು ಹಬೆಯನ್ನು. ಮೂಗಿನಿಂದ ಬರುತ್ತಿದ್ದದ್ದಲ್ಲ. ಭುಜದ ಹಿಂದೆ, ಪೆನ್ಸಿಲ್ಲಿನಷ್ಟು ಅಗಲದ ತೂತಿನಿಂದ ತೆಳ್ಳನೆಯ ಬಿಳಿ ಎಳೆ ಹೊಮ್ಮಿ, ನಿಂತು, ಮತ್ತೆ ಹೊಮ್ಮುತ್ತಿತ್ತು. ಊದುಬತ್ತಿಯ ಹೊಗೆಯ ಹಾಗೆ ನೇರ. ಸೈಮಾ ಉಸಿರು ಬಿಟ್ಟಳು, ಎಳೆ ಹೊಮ್ಮಿತು. ಬಿಗಿಹಿಡಿದಳು, ಎಳೆ ನಿಂತಿತು. ಎದೆ ಬಿರಿಯುವ ತನಕ ಬಿಗಿಹಿಡಿದು ಒಮ್ಮೆಲೇ ಬಿಟ್ಟಳು. ಜಿಂಕೆಯ ಪಕ್ಕೆಯಿಂದ ಹಬೆ ಬುಸ್ಸೆಂದು ಎದ್ದು ಸೀಡರ್ ಎಲೆಗಳಲ್ಲಿ ಹರಡಿತು.

ಬಯಲಿನ ಆಚೆ ಬದಿಯಲ್ಲಿ ಟೌನೊ ರೈಫಲ್ ಎತ್ತಿದ. ಎತ್ತಿ, ಇಳಿಸಿದ.

"ಸೈಮಾ, ಪಕ್ಕಕ್ಕೆ ಸರಿ! ನೀನು ಅದರ ನೇರ ಹಿಂದಿದೀಯ!"

ಅವಳು ಬಲಕ್ಕೆ ಸರಿದಳು. ಜಿಂಕೆಯೂ ಬಲಕ್ಕೆ ಎರಡು ಹೆಜ್ಜೆ ಇಟ್ಟಿತು. ಎಡಕ್ಕೆ ಬಂದಳು, ಅದೂ ಎಡಕ್ಕೆ ಬಂತು. ಬಗ್ಗಿ ಕೂತರೆ ಅದು ತಲೆ ತಗ್ಗಿಸಿತು. ಟೌನೊ ತಾನೇ ಓಡಿ ಜಾಗ ಬದಲಿಸಿದ. ಅವನಿಗೂ ಅವಳಿಗೂ ನಡುವೆ ಜಿಂಕೆ ತಕ್ಕಡಿಯ ಮುಳ್ಳಿನ ಹಾಗೆ ತಿರುಗಿತು.

"ಮೊಂಡು ಗುಂಡಾಗಿದ್ರೆ ಹೊಡೀತಿದ್ದೆ ಕಣೆ, ಅದರೊಳಗೇ ನಿಲ್ತಿತ್ತು!" ಟೌನೊನ ದನಿ ಒಡೆದಿತ್ತು. "ಇದು ನಿಲ್ಲಲ್ಲ. ಅದನ್ನ ದಾಟಿ ನಿನ್ನ ಹತ್ರ ಬರುತ್ತೆ. ತಲೆಗೆ ಹೊಡೆದ್ರೂ ಬರುತ್ತೆ. ಮರದ ಹಿಂದೆ ಹೋಗು!"

"ಮರಾನೂ ದಾಟಿತ್ತಲ್ಲ," ಅಂದಳು ಸೈಮಾ.

ಅವಳು ಆರಿಸಿದ ಗುಂಡು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ದ ಅದೇ ಅಂದದ ತೂತು.

ಸೀಡರ್ ಮರಗಳ ಬುಡದಲ್ಲಿ ಕತ್ತಲು ಆಗಲೇ ಕೂತಿತ್ತು. ಬಯಲಿನಲ್ಲಷ್ಟೇ ಹಿಮದ ಬೆಳಕು ಉಳಿದಿತ್ತು. ಸೈಮಾಳ ತುಟಿ ಮರಗಟ್ಟಿತು. ಉಸಿರೆಳೆದರೆ ಒಳಗೆ ಬರುತ್ತಿತ್ತು, ಆದರೆ ಎದೆಯಲ್ಲಿ ಉಳಿಯುತ್ತಿರಲಿಲ್ಲ. ಪಕ್ಕೆಯ ಆ ತಣ್ಣನೆಯ ಜಾಗ ಈಗ ಅಂಗೈಯಗಲ ಆಗಿತ್ತು. ಓಡಿಬಿಡೋಣ ಅನ್ನಿಸಿತು. ಕಾಲು ತಿರುಗಿಸಿದಳು. ಓಡಿ ಎಲ್ಲಿಗೆ ಹೋಗುವುದು? ಉಸಿರು ಇಲ್ಲೇ ಇರುತ್ತದಲ್ಲ.

ಸೊಂಟದ ಚೂರಿ ಬಿಚ್ಚಿಕೊಂಡು ಅವಳು ಜಿಂಕೆಯ ಕಡೆಗೇ ನಡೆದಳು.

"ಬೇಡ ಕಣೆ! ಕೊಂಬಿದೆ ಅದಕ್ಕೆ! ಸೈಮಾ!"

ಜಿಂಕೆ ಕದಲಲಿಲ್ಲ. ಅವಳು ಹತ್ತಿರವಾದಷ್ಟೂ ಅದರ ಮುಂಗಾಲುಗಳು ಮೆಲ್ಲಗೆ ಮಡಚಿದವು, ಮನೆಯವರು ಬಂದರು ಅಂತ ಕೂರುವ ಹಸುವಿನ ಹಾಗೆ. ಅವಳೂ ಹಿಮದಲ್ಲಿ ಮಂಡಿಯೂರಿದಳು. ಕತ್ತಿನ ಕೆಳಗೆ ಕೈ ಇಟ್ಟರೆ ರೋಮದ ಒಳಗೆ ನಾಡಿ ಓಡುತ್ತಿತ್ತು, ತನ್ನದೇ ಮಣಿಕಟ್ಟಿನಲ್ಲಿ ಓಡುವ ಲಯದಲ್ಲಿ. ದೊಡ್ಡ ಕಪ್ಪು ಕಣ್ಣಿನಲ್ಲಿ ಕಿತ್ತಳೆ ಕೋಟಿನ ಒಂದು ಹುಡುಗಿ ಕಂಡಳು.

ಕೊಂದರೆ ತಾನೂ ಹೋಗುತ್ತೇನೇನೋ. ಅಜ್ಜಿಯ ಕಥೆಯಲ್ಲಿ ಬಿಲ್ಲುಗಾರ ಮುಗಿಸಿರಲಿಲ್ಲ. ಮುಗಿಸಿದ್ದರೆ ಏನಾಗುತ್ತಿತ್ತು ಅಂತ ಕಥೆ ಹೇಳಿರಲಿಲ್ಲ.

"ತಪ್ಪಾಯ್ತು," ಅಂದಳು. "ಬಾಗಿಲು ಸಣ್ಣದು ಮಾಡಿಬಿಟ್ಟೆ."

ಚೂರಿ ಹಾಕಿದಳು.

ಬಿಸಿ ರಕ್ತ ಹಿಮವನ್ನು ಕೊರೆದು ಇಳಿಯಿತು. ಜಿಂಕೆ ಉದ್ದಕ್ಕೆ ಒಂದು ಉಸಿರು ಬಿಟ್ಟಿತು, ಈ ಸಲ ಮೂಗಿನಿಂದ, ಸರಿಯಾದ ದಾರಿಯಲ್ಲಿ. ಪಕ್ಕೆಯ ಎಳೆ ಸಣ್ಣಗಾಗಿ ತುಂಡಾಯಿತು. ಸೈಮಾಳ ಎದೆ ಮುಚ್ಚಿಕೊಂಡಿತು. ಮರಗಳು, ಹಿಮ, ಓಡಿ ಬರುತ್ತಿದ್ದ ಟೌನೊ, ಎಲ್ಲವೂ ಬಾವಿಯ ಮೇಲಿನ ಬೆಳಕಿನಷ್ಟು ದೂರ ಹೋದವು.

"ಉಸಿರಾಡು! ಏ, ಉಸಿರಾಡೇ ಸೈಮಾ!" ಅಣ್ಣ ಅವಳ ಬೆನ್ನಿಗೆ ಗುದ್ದುತ್ತಿದ್ದ.

ಒಳಗೆ ಏನೋ ಬಂದು ಕೂತ ಹಾಗಾಯಿತು. ಕೆಮ್ಮಿದಳು. ಬಾಯಿಂದ ದೊಡ್ಡ ಬಿಳಿ ಮೋಡ ಹೊರಬಂದು ಇಬ್ಬರ ಮುಖವನ್ನೂ ಮುಚ್ಚಿತು. ಟೌನೊ ನಗುತ್ತಾ ಅಳುತ್ತಾ ಅವಳ ಟೋಪಿ ಹಿಡಿದು ಅಲ್ಲಾಡಿಸಿದ. "ನೋಡು, ಬಂತಲ್ಲ! ಹೇಳಿರ್ಲಿಲ್ವಾ ನಾನು, ಗಾಳಿ ಒಣಗಿತ್ತು ಅಂತ!" ಅಂದವನು ಥಟ್ಟನೆ ಮೂಗರಳಿಸಿ ನಿಂತ. ಆ ಹಬೆಗೆ ಜಿಂಕೆ ಜಗಿದ ಸೀಡರ್ ಎಲೆಯ ವಾಸನೆ ಇತ್ತು.

ಜಿಂಕೆಯನ್ನು ಎಳೆದುಕೊಂಡು ಹೊರಬರುವಾಗ ಅರ್ವಿಡ್ ಮಾವ ಜೌಗಿನ ಅಂಚಿನಲ್ಲಿ ಲಾಟೀನು ಹಿಡಿದು ನಿಂತಿದ್ದ. ಕ್ಯಾಂಪಿನಲ್ಲಿ ಅಜ್ಜಿ ಈರುಳ್ಳಿ ಹಾಕಿ ಲಿವರ್ ಹುರಿದಳು, ಮೊದಲ ಜಿಂಕೆಯ ದಿನ ಅದೇ ಊಟ. ಸೈಮಾ ತಟ್ಟೆ ಸರಿಸಿದಳು. ಅಜ್ಜಿ ಒತ್ತಾಯ ಮಾಡಲಿಲ್ಲ. ಮೊಮ್ಮಗಳ ಬಾಯಿಯ ಹತ್ತಿರ ಬಗ್ಗಿ ಒಮ್ಮೆ ಮೂಸಿ ನೋಡಿದಳು, ಆಮೇಲೆ ಒಲೆಗೆ ಇನ್ನೊಂದು ಕೊರಡು ಹಾಕಿದಳು.

"ಮುಗಿಸಿದೆ ತಾನೆ ಅಜ್ಜಿ? ಕತ್ತಲಾಗೋದ್ರೊಳಗೇ ಮುಗಿಸಿದೆ."

"ಮುಗಿಸಿದೀಯ ಮಗಾ. ಅದಕ್ಕೇ ಇಲ್ಲಿ ಕೂತಿದೀಯ," ಅಂದಳು ಅಜ್ಜಿ. ಮೊಮ್ಮಗಳು ಸರಿಸಿದ ತಟ್ಟೆಯನ್ನು ಎತ್ತಿ ಟೌನೊನ ಮುಂದಿಟ್ಟಳು.

ಬೆಳಗಾಯಿತು. ಎಲ್ಲರಿಗಿಂತ ಮುಂಚೆ ಎದ್ದ ಸೈಮಾ ಸೌದೆ ತರಲು ಹೊರಗೆ ಬಂದಳು. ಹೊಸ ಹಿಮ ಬಿದ್ದಿತ್ತು. ಸೌನಾದ ಪಕ್ಕದ ಹಳೆಯ ಸೇಬಿನ ಮರದ ಕೆಳಗೆ ಒಂದು ಹಿಂಡು ಹೆಣ್ಣು ಜಿಂಕೆಗಳು ಹಿಮ ಕೆದಕಿ ಹಣ್ಣು ಹುಡುಕುತ್ತಿದ್ದವು. ಅವಳು ಬಾಗಿಲ ಬಳಿ ಕಲ್ಲಾಗಿ ನಿಂತಳು. ಮನುಷ್ಯರ ವಾಸನೆ ಸಿಕ್ಕಿದರೆ ಬುಸುಗುಟ್ಟಿ ಹಾರಿಹೋಗುವ ಪ್ರಾಣಿಗಳು. ಗಾಳಿ ಅವಳ ಕಡೆಯಿಂದಲೇ ಬೀಸುತ್ತಿತ್ತು. ಒಂದು ಹೆಣ್ಣು ತಲೆಯೆತ್ತಿ ಮೂಗು ಅರಳಿಸಿ ಅವಳನ್ನು ಮೂಸಿತು. ಗುರುತು ಹತ್ತಿದ ಹಾಗೆ ಕಿವಿ ಇಳಿಸಿ, ಮತ್ತೆ ಮೇಯಲು ಬಗ್ಗಿತು. ಇನ್ನೊಂದು ತುಸು ಸರಿದು ಜಾಗ ಬಿಟ್ಟಿತು.

ಹಿಂದೆ ಬಾಗಿಲು ಕಿರ್ ಅಂತು. ಆಕಳಿಸುತ್ತಾ ಟೌನೊ ಹೊರಗೆ ಕಾಲಿಟ್ಟ.

ಹಿಂಡು ಒಮ್ಮೆಲೇ ಬಿಳಿಬಾಲ ಎತ್ತಿ ಕಾಡಿನತ್ತ ನೆಗೆಯಿತು. ಅಂಗಳದ ಅಂಚಿನ ಹಿಮದಲ್ಲಿ ಮಂಡಿಯವರೆಗೆ ಹೂತು ನಿಂತ ಮೇಲಷ್ಟೇ ಸೈಮಾಳಿಗೆ ಗೊತ್ತಾಯಿತು, ತಾನೂ ಅವುಗಳ ಜೊತೆ ನೆಗೆದು ಬಂದಿದ್ದೇನೆ ಅಂತ.